ಕದ ಮುಚ್ಚಿ ಹಾಡಿದ ಮೇಳಗಾನ

ಪಾಶ್ಚಾತ್ಯ ಸಂಗೀತವೆಂದೊಡನೆ ನಮ್ಮಲ್ಲಿ ಅನೇಕರಿಗೆ ಪಿಯಾನೋ, ಪಿಟೀಲು, ದೊಡ್ಡ ವಾದ್ಯವೃಂದಗಳು ನೆನಪಿಗೆ ಬರುತ್ತವೆ. ಆದರೆ ಆ ಸಂಗೀತದ ಮುಖ್ಯವಾದ ಬೇರೊಂದು ಕ್ರೈಸ್ತ ದೇವಾಲಯದ ಕಂಠಗಾನದಲ್ಲಿದೆ. ಅದರಲ್ಲಿಯೂ ರೊಟ್ಟಿ ದ್ರಾಕ್ಷಾರಸಗಳನ್ನು ಅರ್ಪಿಸಿ, ಭಕ್ತರು ಅವನ್ನು ಪರಮಪ್ರಸಾದವಾಗಿ ಸ್ವೀಕರಿಸುವ ಬಲಿಪೂಜೆಯಲ್ಲಿದೆ.

ಈ ಪೂಜೆಯಲ್ಲಿ ದಿನಕ್ಕೆ ತಕ್ಕಂತೆ ಬದಲಾಗುವ ಪ್ರಾರ್ಥನೆಗಳೂ ಉಂಟು, ಬದಲಾಗದವುಗಳೂ ಉಂಟು. ಬದಲಾಗದೆ ಹಾಡಲ್ಪಡುವವು ಮುಖ್ಯವಾಗಿ ಐದು: ಕರುಣೆಗಾಗಿ ಮೊರೆಯಿಡುವ ಕಿರಿಯೆ, ದೇವರ ಮಹಿಮೆಯನ್ನು ಕೊಂಡಾಡುವ ಗ್ಲೋರಿಯಾ, ವಿಶ್ವಾಸವನ್ನು ಸಾರುವ ಕ್ರೆದೊ, ದೇವರ ಪಾವಿತ್ರ್ಯವನ್ನು ಸ್ತುತಿಸುವ ಸಾಂಕ್ತುಸ್, ಪ್ರಸಾದ ಸ್ವೀಕಾರಕ್ಕೆ ಮುಂಚೆ ಶಾಂತಿಯನ್ನು ಬೇಡುವ ಆಗ್ನುಸ್ ದೇಯಿ. ಇವನ್ನು ಒಟ್ಟಾಗಿ ಸ್ವರಬದ್ಧಗೊಳಿಸಿದ ಕೃತಿಗೆ ಮಾಸ್ ಎಂದು ಹೆಸರು.

ನಮ್ಮ ಭಜನೆಯಲ್ಲಿ ಹತ್ತು ಮಂದಿ ಹಾಡಿದರೂ ಧಾಟಿ ಒಂದೇ. ಇಲ್ಲಿ ಹಾಗಲ್ಲ. ಒಂದು ಕಂಠ ತೊಡಗಿದ ಸ್ವರಗುಚ್ಛವನ್ನು ಎರಡನೆಯದು ತುಸು ತಡೆದು, ಬೇರೆ ಸ್ಥಾಯಿಯಲ್ಲಿ ಎತ್ತಿಕೊಳ್ಳುತ್ತದೆ. ಆ ವೇಳೆಗೆ ಮೊದಲನೆಯದು ಮುಂದೆ ಸಾಗಿರುತ್ತದೆ. ಹೀಗೆ ಮೂರು ನಾಲ್ಕು ಧಾಟಿಗಳು ಏಕಕಾಲದಲ್ಲಿ ನಡೆದರೂ ಒಂದಕ್ಕೊಂದು ಹೊಂದಿಕೊಂಡಿರುತ್ತವೆ.

ಈ ಕಲೆಯಲ್ಲಿ ನಿಪುಣನಾಗಿದ್ದವನು ಇಂಗ್ಲೆಂಡಿನ ವಿಲಿಯಂ ಬರ್ಡ್. ಒಂದನೆಯ ಎಲಿಜಬೆತ್ ರಾಣಿಯ ಆಸ್ಥಾನ ಪ್ರಾರ್ಥನಾಮಂದಿರಕ್ಕೆ ಅವನು 1572ರಲ್ಲಿ ಗಾಯಕನಾಗಿ ಸೇರಿದನು. 1575ರಲ್ಲಿ ಅವನಿಗೂ ಥಾಮಸ್ ಟಾಲಿಸನಿಗೂ ಸಂಗೀತ ಮುದ್ರಣದ ಏಕಸ್ವಾಮ್ಯವನ್ನು ರಾಣಿ ಕೊಟ್ಟಳು. ಆದರೆ ಬರ್ಡ್ ಕಥೋಲಿಕ ಮತದವನು. ದೇಶದಲ್ಲಿ ಆ ಮತದ ಬಲಿಪೂಜೆ ಅಪರಾಧವಾಗಿತ್ತು. 1581ರ ಕಾಯಿದೆಯಂತೆ ಪೂಜೆ ಮಾಡಿದವರಿಗೂ ಅದರಲ್ಲಿ ಭಾಗವಹಿಸಿದವರಿಗೂ ದಂಡ ಮತ್ತು ಸೆರೆಮನೆ. ಸರಕಾರಿ ಚರ್ಚಿಗೆ ಹೋಗದವರಿಗೆ ತಿಂಗಳಿಗೆ 20 ಪೌಂಡು ದಂಡ.

ಇಂತಹ ಕಾಲದಲ್ಲಿ, 1592ರಿಂದ 1595ರ ಒಳಗೆ, ಬರ್ಡ್ ಮೂರು ಮಾಸ್‌ಗಳನ್ನು ಅಚ್ಚು ಹಾಕಿಸಿದನು: ನಾಲ್ಕು ಕಂಠಗಳಿಗೆ ಒಂದು, ಮೂರಕ್ಕೆ ಒಂದು, ಐದಕ್ಕೆ ಒಂದು. ಆ ಪುಸ್ತಿಕೆಗಳಿಗೆ ಮುಖಪುಟವಿಲ್ಲ, ಮುದ್ರಕನ ಹೆಸರಿಲ್ಲ, ವರ್ಷವೂ ಇಲ್ಲ. ಬರ್ಡ್ ತನ್ನ ಹೆಸರನ್ನು ಮಾತ್ರ ಮರೆಮಾಡಲಿಲ್ಲ. ಸುಮಾರು ಇದೇ ಕಾಲಕ್ಕೆ ಅವನು ಎಸೆಕ್ಸ್ ಪ್ರಾಂತದ ಸ್ಟಾಂಡನ್ ಮಾಸಿ ಎಂಬ ಹಳ್ಳಿಗೆ ಹೋಗಿ ನೆಲೆಸಿದನು. ಅವನ ಆಶ್ರಯದಾತರಾದ ಕಥೋಲಿಕ ಪೀಟರ್ ಮನೆತನದವರು ಅಲ್ಲಿಗೆ ಸಮೀಪದಲ್ಲಿದ್ದರು.

ಈ ಸಂಗೀತದ ರೂಪಕ್ಕೂ ಆ ಸನ್ನಿವೇಶಕ್ಕೂ ಸಂಬಂಧವಿದೆ. ದೊಡ್ಡ ದೇವಾಲಯವಿಲ್ಲ, ನೂರಾರು ಗಾಯಕರಿಲ್ಲ. ಮನೆಯೊಳಗಿನ ಕೋಣೆಯಲ್ಲಿ, ಭಾಗಕ್ಕೆ ಒಬ್ಬೊಬ್ಬರಂತೆ ಮೂವರು ನಾಲ್ವರು ಸಿಕ್ಕಿದರೂ ಪೂಜೆಗೆ ಕೊರತೆಯಾಗಬಾರದು. ಆದ್ದರಿಂದಲೇ ಅನಾವಶ್ಯಕ ವಿಸ್ತಾರವಿಲ್ಲ. ಮಾತು ಸ್ಪಷ್ಟ, ನಡೆ ಬಿಗಿ.

ನಾಲ್ಕು ಕಂಠಗಳ ಮಾಸ್‌ನ ಕೊನೆಯ ಭಾಗವನ್ನು ಗಮನಿಸಿ ಕೇಳಬೇಕು. ಮೊದಲು ಎರಡೇ ಕಂಠ, ಆಮೇಲೆ ಮೂರು, ಕಡೆಗೆ ನಾಲ್ಕೂ ಕೂಡುತ್ತವೆ. ಶಾಂತಿಯನ್ನು ಬೇಡುವ ಕಡೆಯ ಮಾತಿನಲ್ಲಿ ಒಂದು ಕಂಠ ಹಿಂದಿನ ಸ್ವರವನ್ನೇ ಹಿಡಿದು ನಿಲ್ಲುತ್ತದೆ. ಉಳಿದವು ಸರಿದುದರಿಂದ ಅದು ಅವುಗಳೊಡನೆ ಘರ್ಷಿಸಿ, ಒಂದು ಮೆಟ್ಟಿಲಿಳಿದು ಕೂಡಿಕೊಳ್ಳುತ್ತದೆ. ಅಷ್ಟರಲ್ಲಿ ಮತ್ತೊಂದು ಕಂಠ ಹಾಗೆಯೇ ತಡೆಯುತ್ತದೆ. ನೋವು, ಶಮನ, ಮತ್ತೆ ನೋವು! ಶಾಂತಿ ಸುಲಭವಾಗಿ ದೊರೆಯತಕ್ಕದ್ದಲ್ಲವೆಂಬುದನ್ನು ಬಲ್ಲವರ ಬೇಡಿಕೆಯಿದು.

ಬರ್ಡ್ 1623ರಲ್ಲಿ ತೀರಿಕೊಂಡನು. ಕಥೋಲಿಕರ ಬಹಿರಂಗ ಪೂಜೆಗೆ ಇಂಗ್ಲೆಂಡಿನಲ್ಲಿ ಕಾನೂನಿನ ಅನುಮತಿ ದೊರೆತದ್ದು 1791ರಲ್ಲಿ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕಥೋಲಿಕ ದೇವಾಲಯದ ಸಂಗೀತ ನಿರ್ದೇಶಕ ರಿಚರ್ಡ್ ಟೆರಿ ಈ ಕೃತಿಗಳನ್ನು ಪೂಜೆಯಲ್ಲಿ ಮತ್ತೆ ಹಾಡಿಸಿದನು. ಇಂದು ಅವು ಆಂಗ್ಲಿಕನ್ ದೇವಾಲಯಗಳ ಪ್ರಭುಭೋಜನದ ಆರಾಧನೆಯಲ್ಲಿಯೂ ಕೇಳಿಬರುತ್ತವೆ. ಯಾವ ಚರ್ಚಿಗೆ ಹೋಗದುದಕ್ಕಾಗಿ ಜನ ದಂಡ ತೆತ್ತರೋ, ಅದೇ ಚರ್ಚಿನ ಗಾಯಕರು ಈಗ ಅವರ ಹಾಡನ್ನು ಬಾಗಿಲು ತೆರೆದು ಹಾಡುತ್ತಾರೆ.