ತುರಿಕೆಯೇ ರೋಗವಲ್ಲ: ಮಳೆಗಾಲದಲ್ಲಿ ಪುಟ್ಟ ಟೆರಿಯರ್ ನಾಯಿಗಳ ಚರ್ಮದ ಕಾಳಜಿ

ಉಡುಪಿ: ಜೂನ್ ಬಂತೆಂದರೆ ಕರಾವಳಿಯಲ್ಲಿ ಒಗೆದ ಬಟ್ಟೆ ದಿನಗಟ್ಟಲೆ ಒಣಗದು; ಕಪಾಟಿನಲ್ಲಿಟ್ಟ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರ ಬಹುಪಾಲು ಸೆಪ್ಟೆಂಬರ್ ಒಳಗೇ ಸುರಿದುಹೋಗುವ ಉಡುಪಿ ಜಿಲ್ಲೆಯಲ್ಲಿ ಇದೇ ತೇವ ಸಾಕುನಾಯಿಯ ರೋಮದ ಬುಡದಲ್ಲೂ ಉಳಿಯುತ್ತದೆ. ಮಣಿಪಾಲದ ಫ್ಲ್ಯಾಟುಗಳಲ್ಲಿರಲಿ, ಕಾಪುವಿನ ಕಡಲ ಬದಿಯ ಮನೆಗಳಲ್ಲಿರಲಿ, ಕಾರ್ಕಳದ ತೋಟದ ಮನೆಗಳಲ್ಲಿರಲಿ, ಪುಟ್ಟ ನಾಯಿಗಳ ಚರ್ಮಕ್ಕೆ ಇದು ಪರೀಕ್ಷೆಯ ಕಾಲ.

ನಾಯಿ ಮೈ ಕೆರೆದುಕೊಳ್ಳಲು ಆರಂಭಿಸಿದರೆ ಅನೇಕರ ಕೈ ಮೊದಲು ಹೋಗುವುದು ಔಷಧದಂಗಡಿಯ ಮುಲಾಮಿಗೆ, ಇಲ್ಲವೇ ಹಟ್ಟಿಯಲ್ಲಿ ದನಗಳಿಗೆಂದು ಇಟ್ಟ ಉಣ್ಣಿಯ ಔಷಧಕ್ಕೆ. ಆದರೆ ತುರಿಕೆ ಎಂಬುದು ಒಂದು ರೋಗದ ಹೆಸರಲ್ಲ, ಹತ್ತಾರು ರೋಗಗಳ ಸಮಾನ ಲಕ್ಷಣ. ಕಾರಣ ತಿಳಿಯದೆ ಹಚ್ಚಿದ ಮದ್ದು ರೋಗವನ್ನು ಮರೆಮಾಚಬಹುದು. ನಾಲ್ಕೈದು ಕಿಲೋ ತೂಕದ ನಾಯಿಗಂತೂ ಪ್ರಾಣಾಪಾಯವನ್ನೇ ತರಬಹುದು.

ಮಣ್ಣಿನ ನಂಟಿನ ತಳಿ

ಟೆರಿಯರ್ ಎಂಬ ಹೆಸರು ಹುಟ್ಟಿದ್ದೇ ನೆಲ ಎಂಬ ಅರ್ಥದ ಲ್ಯಾಟಿನ್ ಮೂಲದ ಪದದಿಂದ. ನರಿ, ಇಲಿಗಳನ್ನು ಬೆನ್ನಟ್ಟಿ ಬಿಲಕ್ಕೇ ನುಗ್ಗಲೆಂದು ಬ್ರಿಟನ್ನಿನಲ್ಲಿ ಬೆಳೆಸಿದ ತಳಿಗಳಿವು. ಜ್ಯಾಕ್ ರಸೆಲ್, ಯಾರ್ಕ್‌ಶೈರ್, ವೆಸ್ಟ್ ಹೈಲ್ಯಾಂಡ್ ವೈಟ್ ಇವುಗಳಲ್ಲಿ ಪ್ರಮುಖ. ಕಾಲು ಗಿಡ್ಡ, ಹೊಟ್ಟೆ ನೆಲಕ್ಕೆ ಹತ್ತಿರ. ಅಗೆಯುವ ಚಟ ಇನ್ನೂ ಹೋಗಿಲ್ಲ. ಹೀಗಾಗಿ ಒದ್ದೆ ಹುಲ್ಲು, ಕೆಸರು, ಅದರಲ್ಲಿರುವ ಕ್ರಿಮಿಗಳ ಸಂಪರ್ಕ ಇವಕ್ಕೆ ಹೆಚ್ಚು.

ಕೆಲವು ದೋಷಗಳು ರಕ್ತದಲ್ಲೇ ಬರುತ್ತವೆ. ಧೂಳಿನ ಹುಳ, ಬೂಷ್ಟು, ಪರಾಗಗಳಿಗೆ ಚರ್ಮ ಅತಿಯಾಗಿ ಪ್ರತಿಕ್ರಿಯಿಸುವ ಅಲರ್ಜಿ ವೆಸ್ಟ್ ಹೈಲ್ಯಾಂಡ್ ತಳಿಯಲ್ಲಿ ಸಾಮಾನ್ಯ. ಇದು ಹೆಚ್ಚಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಉದ್ದ ಕೂದಲಿನ ಯಾರ್ಕ್‌ಶೈರ್ ನಾಯಿಗಳು ಹುಳಕಡ್ಡಿಗೆ ಬೇಗ ತುತ್ತಾಗುತ್ತವೆ.

ಕೆರೆಯುವುದು ಎಲ್ಲಿ?

ನಾಯಿ ಯಾವ ಭಾಗವನ್ನು ಕೆರೆಯುತ್ತದೆ ಎಂಬುದೇ ರೋಗದ ಮೊದಲ ಸುಳಿವು. ಬಾಲದ ಬುಡದ ಮೇಲ್ಭಾಗದಲ್ಲಿ ಕೂದಲು ಉದುರಿ, ಅಲ್ಲೇ ಕಚ್ಚಿಕೊಳ್ಳುತ್ತಿದ್ದರೆ ಚಿಗಟದ ಶಂಕೆ ಪಡಬೇಕು. ಅದರ ಜೊಲ್ಲಿಗೆ ಅಲರ್ಜಿಯಿರುವ ನಾಯಿಗೆ ಒಂದೆರಡು ಕಡಿತವೂ ಸಾಕು. ಕಿವಿಯ ಅಂಚು, ಮೊಣಕೈಗಳಲ್ಲಿ ಹೊಪ್ಪಳೆ ಕಟ್ಟಿ, ರಾತ್ರಿ ಹಗಲೆನ್ನದೆ ತುರಿಸುತ್ತಿದ್ದರೆ ಅದು ಕಜ್ಜಿಯಾಗಿರಬಹುದು. ಮರಿಯ ಕಣ್ಣು, ಬಾಯಿಯ ಸುತ್ತ ಮತ್ತು ಮುಂಗಾಲಿನಲ್ಲಿ ಹೆಚ್ಚು ತುರಿಕೆಯಿಲ್ಲದೆ ಕೂದಲು ಉದುರಿದರೆ ಅದು ಡೆಮೊಡೆಕ್ಸ್ ಎಂಬ ಸೂಕ್ಷ್ಮ ಹುಳದ ಕೆಲಸವಿರಬಹುದು. ಇದು ಬೇರೆ ನಾಯಿಗಳಿಗಾಗಲಿ ಮನುಷ್ಯರಿಗಾಗಲಿ ಅಂಟುವುದಿಲ್ಲ.

ಪಾದ ನೆಕ್ಕಿ ನೆಕ್ಕಿ ಬೆರಳ ಸಂದಿಯ ಬಿಳಿ ಕೂದಲು ಕಂದು ಬಣ್ಣಕ್ಕೆ ತಿರುಗುವುದು, ಕಿವಿ ಪದೇ ಪದೇ ಸೋರುವುದು ಅಲರ್ಜಿಯ ಲಕ್ಷಣಗಳು. ಕಂಕುಳು, ಕಿವಿ, ಪಾದಗಳಿಂದ ಹುಳಿ ವಾಸನೆ ಬಂದು ಚರ್ಮ ಜಿಡ್ಡಾಗಿದ್ದರೆ ಮಲಸೇಝಿಯಾ ಎಂಬ ಶಿಲೀಂಧ್ರ ಬೆಳೆದಿರುತ್ತದೆ. ಆರೋಗ್ಯವಂತ ನಾಯಿಯ ಚರ್ಮದಲ್ಲೂ ಇರುವ ಈ ಶಿಲೀಂಧ್ರ, ತೇವ ಸಿಕ್ಕಾಗ ಮಿತಿ ಮೀರುತ್ತದೆ.

ಉಣ್ಣಿಯ ಮನೆ ಗೋಡೆಯಲ್ಲಿ

ಉಣ್ಣಿ ನಾಯಿಯ ಮೈಮೇಲೆ ಕಂಡರೂ ಬದುಕಿನ ಬಹುಭಾಗ ಕಳೆಯುವುದು ಹೊರಗೆ. ರಕ್ತ ಹೀರಿ ಉಬ್ಬಿದ ಹೆಣ್ಣು ಉಣ್ಣಿ ಕೆಳಗುದುರಿ, ಗೋಡೆಯ ಬಿರುಕು ಸೇರಿ ಸಾವಿರಾರು ಮೊಟ್ಟೆಯಿಡುತ್ತದೆ. ಗಾರೆ ಮಾಡದ ಮುರಕಲ್ಲಿನ ಗೋಡೆಯ ತೂತುಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಚಿಗಟದ ಕಥೆಯೂ ಇಷ್ಟೇ: ಮೈಮೇಲೆ ಕಾಣುವುದು ಅಲ್ಪ ಭಾಗ, ಉಳಿದದ್ದು ಮೊಟ್ಟೆ, ಮರಿಹುಳಗಳಾಗಿ ಹಾಸಿಗೆ, ಚಾಪೆ, ನೆಲದ ಸಂದಿಗಳಲ್ಲಿರುತ್ತದೆ. ಆದ್ದರಿಂದ ನಾಯಿಗಷ್ಟೇ ಚಿಕಿತ್ಸೆ ಮಾಡಿ ಮಲಗುವ ಜಾಗವನ್ನು ಶುಚಿಗೊಳಿಸದಿದ್ದರೆ ಕೆಲವೇ ವಾರಗಳಲ್ಲಿ ಉಪದ್ರವ ಮರುಕಳಿಸುತ್ತದೆ.

ಉಣ್ಣಿಯಿಂದ ಎರ್ಲಿಕಿಯಾ, ಬಬೇಸಿಯಾ ಎಂಬ ಜ್ವರಗಳೂ ಹರಡುತ್ತವೆ. ಉಣ್ಣಿ ಕಂಡ ಕೆಲವು ದಿನಗಳಲ್ಲಿ ನಾಯಿ ಊಟ ಬಿಟ್ಟರೆ, ಒಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ಊಟವೂ ಕಾರಣವಾದೀತು

ವರ್ಷವಿಡೀ ಬಿಡದ ತುರಿಕೆಗೆ ಕೆಲವೊಮ್ಮೆ ಆಹಾರದ ಅಲರ್ಜಿ ಕಾರಣ. ನಾಯಿಗಳಲ್ಲಿ ಹೆಚ್ಚಾಗಿ ಗುರುತಿಸಲಾಗಿರುವ ಅಲರ್ಜಿಕಾರಕಗಳೆಂದರೆ ದನದ ಮಾಂಸ, ಹಾಲಿನ ಪದಾರ್ಥ, ಕೋಳಿ ಮತ್ತು ಗೋಧಿ. ಸಸ್ಯಾಹಾರಿ ಮನೆಯ ನಾಯಿಗೆ ದಿನವೂ ಹಾಲು, ಮೊಸರನ್ನ ಹಾಕುವಾಗ ಈ ಸಾಧ್ಯತೆ ನೆನಪಿರಬೇಕು. ಇದನ್ನು ಪತ್ತೆಹಚ್ಚಲು ನಂಬಲರ್ಹ ವಿಧಾನ ಒಂದೇ: ವೈದ್ಯರ ಸಲಹೆಯಂತೆ ಹಿಂದೆಂದೂ ತಿನ್ನದ ಆಹಾರವನ್ನಷ್ಟೇ ಕನಿಷ್ಠ ಎಂಟು ವಾರ ಕೊಟ್ಟು, ಬಳಿಕ ಹಳೆಯ ಊಟಕ್ಕೆ ಮರಳಿ ನೋಡುವುದು. ನಡುವೆ ಒಂದು ಬಿಸ್ಕತ್ತು ಕೊಟ್ಟರೂ ಪರೀಕ್ಷೆ ಕೆಟ್ಟಂತೆ.

ಮದ್ದೇ ವಿಷವಾಗುವ ಬಗೆ

ಔಷಧದ ಪ್ರಮಾಣ ನಿರ್ಧಾರವಾಗುವುದು ತೂಕದ ಮೇಲೆ. 30 ಕಿಲೋ ತೂಗುವ ಲ್ಯಾಬ್ರಡಾರ್‌ಗೆ ಕೊಡುವ ಮಾತ್ರೆ, ಮೂರು ಕಿಲೋದ ಯಾರ್ಕ್‌ಶೈರ್‌ಗೆ ಹತ್ತು ಪಟ್ಟು ಹೆಚ್ಚಾಗುತ್ತದೆ. ದನಗಳ ಉಣ್ಣಿಗೆ ಬಳಸುವ ಅಮಿಟ್ರಾಜ್, ಡೆಲ್ಟಾಮೆಥ್ರಿನ್‌ನಂತಹ ದ್ರಾವಣಗಳನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಪುಟ್ಟ ನಾಯಿಗೆ ಸುರಿದರೆ ನಡುಕ, ಮಂಪರು, ಸಾವು ಕೂಡ ಸಂಭವಿಸಬಹುದು. ಹಚ್ಚಿದ್ದನ್ನೆಲ್ಲ ನಾಯಿ ನೆಕ್ಕುವುದರಿಂದ ಸೀಮೆಎಣ್ಣೆ, ಫಿನಾಯಿಲ್, ಕರ್ಪೂರದ ಎಣ್ಣೆಗಳು ಹೊಟ್ಟೆಗೂ ಸೇರುತ್ತವೆ. ಪರ್ಮೆಥ್ರಿನ್ ಇರುವ ನಾಯಿಯ ಔಷಧ ಅದೇ ಮನೆಯ ಬೆಕ್ಕಿಗೆ ಮಾರಕ.

ಮನುಷ್ಯರ ಸ್ಟೀರಾಯ್ಡ್ ಮುಲಾಮುಗಳದ್ದು ಇನ್ನೊಂದು ಸಮಸ್ಯೆ. ಹಚ್ಚಿದ ಎರಡೇ ದಿನದಲ್ಲಿ ತುರಿಕೆ ತಗ್ಗುತ್ತದೆ; ಒಳಗೆ ಹುಳಕಡ್ಡಿ ಮತ್ತು ಕಜ್ಜಿಹುಳ ಹಬ್ಬುತ್ತಲೇ ಇರುತ್ತವೆ. ಕೇಂದ್ರ ಸರಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ನಿರ್ಬಂಧಿಸಿದ್ದು ಮನುಷ್ಯರಲ್ಲಿನ ಇಂಥದೇ ದುರ್ಬಳಕೆಯ ಹಿನ್ನೆಲೆಯಲ್ಲಿ.

ಪರೀಕ್ಷೆ ಸರಳ

ರೋಗಪತ್ತೆಗೆ ದುಬಾರಿ ಯಂತ್ರಗಳು ಬೇಕಿಲ್ಲ. ಚರ್ಮವನ್ನು ಅಲಗಿನಿಂದ ಮೆಲ್ಲನೆ ಕೆರೆದು ತೆಗೆದ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಡೆಮೊಡೆಕ್ಸ್ ಹುಳಗಳು ಸಾಮಾನ್ಯವಾಗಿ ಸಿಗುತ್ತವೆ. ಕಜ್ಜಿಹುಳ ಮಾತ್ರ ಎಷ್ಟೋ ಬಾರಿ ಕಾಣಿಸುವುದಿಲ್ಲ. ಆಗ ವೈದ್ಯರು ಲಕ್ಷಣ ನೋಡಿಯೇ ಚಿಕಿತ್ಸೆ ಆರಂಭಿಸುತ್ತಾರೆ. ಹುಳಕಡ್ಡಿಯ ಶಂಕೆಯಿದ್ದರೆ ಕೂದಲನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡಲಾಗುತ್ತದೆ. ಇದಕ್ಕೆ ಎರಡು ಮೂರು ವಾರ ಹಿಡಿಯಬಹುದು. ಕೂದಲು ಮತ್ತೆ ಮೂಡಿತೆಂದು ಔಷಧವನ್ನು ಅರ್ಧಕ್ಕೇ ನಿಲ್ಲಿಸುವುದು ರೋಗ ಮರಳಲು ಮುಖ್ಯ ಕಾರಣ.

ಹುಳಕಡ್ಡಿ ಮತ್ತು ಕಜ್ಜಿ ಮನೆಯವರಿಗೂ ಅಂಟಬಲ್ಲವು. ಮಕ್ಕಳ ಮೈಮೇಲೆ ಉಂಗುರದಾಕಾರದ ಕೆಂಪು ಕಲೆ ಕಂಡು ಚರ್ಮವೈದ್ಯರ ಬಳಿ ಹೋದಾಗ, ಮನೆಯಲ್ಲಿ ತುರಿಸಿಕೊಳ್ಳುವ ನಾಯಿಯಿದೆ ಎಂದು ತಿಳಿಸುವುದು ಒಳ್ಳೆಯದು. ಇಬ್ಬರಿಗೂ ಏಕಕಾಲಕ್ಕೆ ಚಿಕಿತ್ಸೆಯಾಗದಿದ್ದರೆ ರೋಗ ಒಬ್ಬರಿಂದೊಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಮಳೆಗಾಲದಲ್ಲಿ ಪಾಲಿಸಬೇಕಾದ್ದು

* ಹೊರಗಿನಿಂದ ಬಂದ ಕೂಡಲೇ ಬೆರಳ ಸಂದಿ, ಹೊಟ್ಟೆ, ಕಂಕುಳನ್ನು ಒಣಬಟ್ಟೆಯಿಂದ ಒರೆಸಿ.
* ಕಾಪು, ಮಲ್ಪೆಯ ಕಡಲಲ್ಲಿ ಆಡಿದ ನಾಯಿಯನ್ನು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ.
* ಮನುಷ್ಯರ ಸೋಪು, ಶ್ಯಾಂಪೂ ಬೇಡ. ವೈದ್ಯರು ಬರೆದ ಔಷಧೀಯ ಶ್ಯಾಂಪೂವನ್ನು ಹಚ್ಚಿ ಸುಮಾರು ಹತ್ತು ನಿಮಿಷ ಬಿಟ್ಟು ತೊಳೆಯಿರಿ.
* ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿರಿ.
* ಉಣ್ಣಿಯನ್ನು ಚಿಮುಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಿರಿ, ಬೆಂಕಿ ತಾಗಿಸಬೇಡಿ.
* ಪಶುವೈದ್ಯರಲ್ಲಿಗೆ ಹೋಗುವಾಗ ಅದುವರೆಗೆ ಬಳಸಿದ ಎಲ್ಲ ಔಷಧಗಳನ್ನೂ ಜತೆಗೆ ಒಯ್ಯಿರಿ. ಏನು ಹಚ್ಚಲಾಗಿತ್ತು ಎಂಬುದು ತಿಳಿದರೆ ರೋಗಪತ್ತೆ ಸುಲಭವಾಗುತ್ತದೆ.