ಹತ್ತಿರ ಬೀಳಲೆಂದೇ ಮಾಡಿದ ಜಾವೆಲಿನ್

ದೂರ ಹೋಗಬೇಕಾದ ಜಾವೆಲಿನ್ ಅನ್ನು ಬೇಕಂತಲೇ ಹತ್ತಿರ ಬೀಳೋ ಹಾಗೆ ಮಾಡಿದ್ದಾರೆ ಅಂದ್ರೆ ನಂಬ್ತೀರಾ?

1984, ಪೂರ್ವ ಬರ್ಲಿನ್. ಜಾವೆಲಿನ್ ಪಟು ಊವೆ ಹೋನ್ ಎಸೆದದ್ದು 104.80 ಮೀಟರ್! ಹೀಗೇ ಬಿಟ್ಟಿದ್ರೆ ಮೈದಾನ ಸಾಲ್ತಿರಲಿಲ್ಲ. ಇನ್ನೊಂದು ತಲೆನೋವು: ಹಳೇ ಜಾವೆಲಿನ್ ತೇಲಿಕೊಂಡು ಬಂದು ಅಡ್ಡಡ್ಡ ಬೀಳ್ತಿತ್ತು. ಮೂತಿ ಮೊದಲು ತಾಗಿತೋ ಇಲ್ವೋ ಅಂತ ಜಗಳ.

1986ರಲ್ಲಿ ಪುರುಷರ ಜಾವೆಲಿನ್ನಿನ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದ್ರು. ತೂಕ ಅದೇ 800 ಗ್ರಾಂ. ಗಾಳಿ ಎತ್ತಿಹಿಡಿಯೋ ಜಾಗ ಈಗ ಗುರುತ್ವ ಕೇಂದ್ರಕ್ಕಿಂತ ಹಿಂದೆ. ಬಾಲ ಏಳುತ್ತೆ, ಮೂತಿ ಬಾಗುತ್ತೆ, ಕಚಕ್ ಅಂತ ನೆಲಕ್ಕೆ ನಾಟುತ್ತೆ. ಡಿಸೈನರ್ ಕಣ್ಣಿಗೆ ಇದು ಭಲೇ ಚಂದದ ಕೆಲಸ.

ತಯಾರಕರು ಸುಮ್ಮನಿರ್ತಾರಾ? ಬಾಲವನ್ನು ಒರಟು ಮಾಡಿ, ಕಳೆದ ದೂರವನ್ನು ವಾಪಸ್ ಗಿಟ್ಟಿಸಿಕೊಂಡ್ರು. 1991ರಲ್ಲಿ ಅದಕ್ಕೂ ನಿಷೇಧ.

2025ರಲ್ಲಿ ದೋಹಾದಲ್ಲಿ ನೀರಜ್ ಚೋಪ್ರಾ 90.23 ಮೀಟರ್ ಎಸೆದದ್ದು ಈ ಮೂತಿಭಾರದ ಜಾವೆಲಿನ್ನೇ.