ಅರಿವು ಮತ್ತು ಅಂಜಿಕೆ

ವಿಜಯನಗರದ ಆರ್‌ಪಿಸಿ ಲೇಔಟಿನಿಂದ ಜ್ಞಾನಭಾರತಿಯ ವಿಶ್ವವಿದ್ಯಾಲಯಕ್ಕೆ ಬಹಳ ದೂರವಿಲ್ಲ. ಹಂಪಿನಗರವೆಂದೂ ಕರೆಸಿಕೊಳ್ಳುವ ಈ ಬಡಾವಣೆಯಲ್ಲಿ ಹೊರ ಊರುಗಳ ವಿದ್ಯಾರ್ಥಿಗಳು ಬಾಡಿಗೆಯ ಕೋಣೆಗಳಲ್ಲಿದ್ದು ಓದುತ್ತಾರೆ. ಇವರಲ್ಲಿ ಕೆಲವರೊಡನೆ ಮಾದಕ ವಸ್ತುಗಳ ಮಾತೆತ್ತಿದಾಗ ನನಗೆ ಒಂದು ಸಂಗತಿ ಸ್ಪಷ್ಟವಾಯಿತು: ಇವರಿಗೆ ತಿಳಿಯದಿರುವುದು ಅತ್ಯಲ್ಪ, ಆದರೆ ಆ ಅಲ್ಪವೇ ಮುಖ್ಯವಾದುದು.

ಗಾಂಜಾ, ಅಫೀಮು, ನಿದ್ರೆಯ ಗುಳಿಗೆ ಎಲ್ಲದರ ಹೆಸರನ್ನೂ ಕೇಡನ್ನೂ ಅವರು ಬಲ್ಲರು. ಪ್ರತಿವರ್ಷ ಜೂನ್ 26ರಂದು ಕಾಲೇಜಿನಲ್ಲಿ ಪ್ರತಿಜ್ಞೆಯನ್ನೂ ಮಾಡಿದ್ದಾರೆ. ‘ಅಂಥವರ ಸಹವಾಸವೇ ಬೇಡ’ ಎಂದನೊಬ್ಬ. ‘ಮನಸ್ಸು ಗಟ್ಟಿಯಿದ್ದರೆ ಯಾವಾಗ ಬೇಕಾದರೂ ಬಿಡಬಹುದು’ ಎಂದನಿನ್ನೊಬ್ಬ. ಒಬ್ಬನಿಗೆ ವ್ಯಸನವೆಂಬುದು ದುಷ್ಟತನ, ಮತ್ತೊಬ್ಬನಿಗೆ ದೌರ್ಬಲ್ಯ. ಅದು ಚಿಕಿತ್ಸೆಗೆ ಒಳಪಡುವ ಕಾಯಿಲೆಯೆಂದು ಇಬ್ಬರೂ ಹೇಳಲಿಲ್ಲ.

ಅಷ್ಟು ಹೊತ್ತೂ ಸುಮ್ಮನೆ ಕುಳಿತಿದ್ದ ಮೂರನೆಯವನು ಕೊನೆಗೆ ಕೇಳಿದ: “ಸಾರ್, ಆಸ್ಪತ್ರೆಗೆ ಕರೆದುಕೊಂಡು ಹೋದರೆ ಅವನನ್ನು ಪೊಲೀಸರಿಗೆ ಹಿಡಿದುಕೊಡುತ್ತಾರೆಯೆ?” ಆ ‘ಅವನು’ ಯಾರೆಂದು ನಾನು ವಿಚಾರಿಸಲಿಲ್ಲ.

ಅವನ ಭಯ ನಿರಾಧಾರವಲ್ಲ. 1985ರ ಮಾದಕ ವಸ್ತುಗಳ ಕಾಯಿದೆಯಂತೆ ಸೇವನೆಯೂ ಅಪರಾಧವೇ. ಆದರೆ ಅದೇ ಕಾಯಿದೆಯ 64ಎ ಕಲಮಿನಲ್ಲಿ ಬೇರೊಂದು ಬಾಗಿಲುಂಟು: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಗುರಿಯಾದ ವ್ಯಸನಿ, ಸರ್ಕಾರದ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಸ್ವಯಿಚ್ಛೆಯಿಂದ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಯದು. ನಡುವೆ ಚಿಕಿತ್ಸೆಯನ್ನು ಬಿಟ್ಟರೆ ಮಾತ್ರ ಈ ರಕ್ಷಣೆ ತಪ್ಪಬಹುದು. ಮಾರುವವನಿಗೆ ಈ ಬಾಗಿಲಿಲ್ಲ; ಸೋತವನಿಗೆ ಉಂಟು. ಪ್ರತಿಜ್ಞೆ ಬೋಧಿಸಿದ ಯಾರೂ ಆ ಹುಡುಗರಿಗೆ ಇದನ್ನು ಹೇಳಿರಲಿಲ್ಲ.

ಹೇಳದಿದ್ದುದರ ಫಲವೇನು? ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಿಷಿದ್ಧ ಮಾದಕಗಳಿಗೆ ದಾಸರಾದ 20 ಮಂದಿಯಲ್ಲಿ ಎಂದಾದರೂ ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಕಂಡವನು ಒಬ್ಬನೇ. ಉಳಿದ 19 ಮಂದಿಗೂ ಗೆಳೆಯರಿದ್ದಿರಬೇಕು. ಅವರಲ್ಲಿ ಎಷ್ಟು ಮಂದಿ ಅಂಜಿ ಬಾಯಿ ಮುಚ್ಚಿಕೊಂಡರೋ!

ನಮ್ಮ ಬೆಂಗಳೂರಿನಲ್ಲಿಯೇ, ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ, ವ್ಯಸನ ಚಿಕಿತ್ಸೆಗೆಂದೇ ಒಂದು ವಿಭಾಗವಿದೆ. 14446 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಲಹೆ ದೊರೆಯುತ್ತದೆ. ಕಾಲೇಜಿನ ಗೋಡೆಯ ಮೇಲೆ ತಲೆಬುರುಡೆಯ ಚಿತ್ರದ ಕೆಳಗೆ ಈ ಎರಡು ಸಾಲುಗಳನ್ನೂ ಬರೆಯಿಸಬಾರದೇಕೆ? ಹಳ್ಳವಿದೆಯೆಂದು ಸಾರುವುದು ಒಳ್ಳೆಯದೇ. ಆದರೆ ಆಗಲೇ ಬಿದ್ದವನಿಗೆ ಬೇಕಾದದ್ದು ಆ ಸಾರುವಿಕೆಯಲ್ಲ. ಮೇಲಿನಿಂದ ಇಳಿಬಿಡುವ ಹಗ್ಗ.